ಸೋರು, ಸೋಲು ಮತ್ತು ಹಪ್ಪಳದ ಕಪಾಟು

ಒಪ್ಪಂದ ಇಷ್ಟೇ: ನನ್ನ ದಿನಸಿ ಅಂಗಡಿಯ ಒಂದು ಕಪಾಟು, ತಿಂಗಳಿಗೆ ಐದು ಸಾವಿರ ಯೆನ್ ಬಾಡಿಗೆ. ಯುಗಾದಿಯೊಳಗೆ ಒಂದು ಹಳೇ ಹಾಡಿನ ರೆಕಾರ್ಡಾದರೂ ಮಾರಾಟವಾಗದಿದ್ದರೆ ರೆಕಾರ್ಡೆಲ್ಲ ಕಸದ ಲಾರಿಗೆ, ಕಪಾಟು ನನ್ನ ಹಪ್ಪಳಕ್ಕೆ. ಟೋಕಿಯೋದ ನಿಶಿ ಕಸಾಯಿಯಲ್ಲಿ ತೊಗರಿಬೇಳೆ ಮಾರುವವನ ಹತ್ತಿರ ಜನ ಇಂಥ ವ್ಯವಹಾರ ಯಾಕೆ ತರುತ್ತಾರೋ ಗೊತ್ತಿಲ್ಲ. ತರುತ್ತಲೇ ಇರುತ್ತಾರೆ.

ಸೋರು

ಈ ವ್ಯವಹಾರ ತಂದವರು ಪಕ್ಕದ ಹಳೇ ರೆಕಾರ್ಡ್ ಅಂಗಡಿಯ ಜಪಾನಿ ಹಿರಿಯರು. ನಮ್ಮ ಗಿರಾಕಿಗಳೆಲ್ಲ ಅವರನ್ನು ತಾತಾ-ಸಾನ್ ಅನ್ನುತ್ತಾರೆ; ಜಪಾನಿಯ 'ಸಾನ್' ಅಂದರೆ ನಮ್ಮ 'ಅವರು' ಇದ್ದ ಹಾಗೆ. ಅಂಗಡಿ ಮುಚ್ಚಿ ಮಗಳ ಮನೆ ಸೇರಿದ್ದರು; ಅಲ್ಲಿ ಅವರಿಗೆ ಜಾಗವಿತ್ತು, ರೆಕಾರ್ಡುಗಳಿಗೆ ಇರಲಿಲ್ಲ. ಮೊದಲ ದಿನ ನನ್ನ ಬಾಗಿಲಲ್ಲಿ ನಿಂತು "ಸೋರು, ಸೋರು" ಅಂದರು. ನಾನು ಬಕೆಟ್ ಸಮೇತ ಸ್ಟೂಲ್ ಹತ್ತಿ ಛಾವಣಿಯನ್ನೆಲ್ಲ ತಡವಿದೆ. ಒಂದು ಹನಿಯೂ ಇಲ್ಲ. ಪಾಪ, ಅವರು ಕೆಳಗೆ ಸ್ಟೂಲ್ ಹಿಡಿದುಕೊಂಡು ಕಾದರು, ರೆಕಾರ್ಡಿಗೆ ಜಾಗ ಹುಡುಕುತ್ತಿದ್ದೇನೆ ಅಂದುಕೊಂಡು.

ಸೋಲು

ಅದು ಸೋಲ್ ಸಂಗೀತ, ಇಂಗ್ಲಿಷಿನ ಸೋಲ್ ಅಂದರೆ ಆತ್ಮ, ಜಪಾನಿ ಬಾಯಲ್ಲಿ ಲಕಾರ ರಕಾರವಾಗಿದೆ ಅಂತ ಬಿಡಿಸಿ ಹೇಳಿದ್ದು ಸೆಂಡಾಯ್‌ನಿಂದ ಸಾಮಾನಿಗೆ ಬರುವ ನಮ್ಮ ಸಂಶೋಧಕರೊಬ್ಬರು. ಅಮೆರಿಕದ ಕಪ್ಪು ಜನರ ಅರವತ್ತರ ದಶಕದ ಹಾಡುಗಳಂತೆ. ಹೆಸರು ಮಾಡಿದವರದ್ದೆಲ್ಲ ಎಂದೋ ಖಾಲಿಯಾಗಿ, ಒಂದೇ ರೆಕಾರ್ಡು ಮಾಡಿ ಕಾಣೆಯಾದವರು ಮಾತ್ರ ಉಳಿದಿದ್ದರು. ಅವರಲ್ಲಿ ಒಬ್ಬಳ ಹಾಡನ್ನು ತಾತಾ-ಸಾನ್ ನನ್ನ ಅಂಗಡಿಯಲ್ಲೇ ತಮ್ಮ ಪ್ಲೇಯರಿನಲ್ಲಿ ದಿನಾ ಹಾಕುವರು. ಇವಳನ್ನು ಒಬ್ಬರಾದರೂ ಮನೆಗೆ ಕರೆದುಕೊಂಡು ಹೋಗಲಿ, ಸಾಕು ಅನ್ನುವರು.

ಬಾಡಿಗೆ ತಗೊಂಡ ಮೇಲೆ ನಾನೂ ಒಂದು ಕನ್ನಡ ಬೋರ್ಡ್ ಬರೆದೆ. ನಾಲಿಗೆಗೆ ಸಲೀಸಾಗಲಿ ಅಂತ ಒಂದು ಕೊಂಬು ಹೆಚ್ಚಿಗೆ ಕೊಟ್ಟೆ: "ಸೋಲು ಹಾಡುಗಳು." ಖಾಯಂ ಗಿರಾಕಿಯೊಬ್ಬಳು ರೆಕಾರ್ಡ್ ಎತ್ತಿಕೊಂಡವಳು ಬೋರ್ಡ್ ಓದಿ ವಾಪಸ್ ಇಟ್ಟಳು.

"ಬೇಡ ಅಂಕಲ್, ಮಗಳಿಗೆ ಮುಂದಿನ ವಾರ ಎಕ್ಸಾಮ್ ಇದೆ."

ಊಟ

ಆ ಗಿರಾಕಿಯ ಅತ್ತೆ ಮೈಸೂರಿನಿಂದ ಬಂದಿದ್ದರು. ಕರಿಬೇವು ಹಿಡಿದುಕೊಂಡೇ ತಾತಾ-ಸಾನ್ ಹಾಕಿದ್ದ ಆ ಹಾಡು ಮುಗಿಯುವವರೆಗೂ ನಿಂತರು.

"ಯಾರ ಮನೆ ಹುಡುಗಿಯೋ, ಹೊಟ್ಟೇಲಿರೋದನ್ನೆಲ್ಲ ಹಾಡ್ತಿದಾಳೆ. ಊಟ ಆಯ್ತಾ ಅಂತ ಕೇಳೋರಿದಾರೋ ಇಲ್ವೋ."

ಏನಂದರು ಅಂತ ತಾತಾ-ಸಾನ್ ನನ್ನನ್ನು ಕೇಳಿದರು. ಊಟ ಆಯ್ತಾ ಅಂತಿದ್ದಾರೆ ಅಂದೆ. ಅವರು ತಲೆ ಬಾಗಿಸಿ, ಇನ್ನೂ ಇಲ್ಲ ಅಂದರು. ಅದನ್ನು ಅತ್ತೆಗೆ ಹೇಳಿದೆ. ಮರುದಿನದಿಂದ ಅವರ ಊಟದ ಡಬ್ಬಿ ಬರತೊಡಗಿತು. ತಪ್ಪು ತಿದ್ದಲು ನನಗೆ ಮನಸ್ಸಾಗಲಿಲ್ಲ. ಬಿಸಿಬೇಳೆಬಾತ್ ಇಬ್ಬರಿಗಾಗುವಷ್ಟಿರುತ್ತಿತ್ತು.

ಮತ್ತೆ ಸೋರು

ಯುಗಾದಿಯ ಹಿಂದಿನ ದಿನ. ಮಾರಾಟ ಸೊನ್ನೆ. ತಾತಾ-ಸಾನ್ ರೆಕಾರ್ಡುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು, ನಾನು ಹಪ್ಪಳ ಇಳಿಸುತ್ತಿದ್ದೆ. ಊರಿಗೆ ಹೊರಟಿದ್ದ ಆ ಅತ್ತೆ ಬಂದು, "ಆ ಹುಡುಗೀನ ಕೊಡಪ್ಪ" ಅಂದರು. ಮನೆಯಲ್ಲಿ ಪ್ಲೇಯರ್ ಇದೆಯಾ ಅಂತ ಕೇಳಿದೆ. ಇಲ್ಲವಂತೆ.

"ಇಷ್ಟು ವರ್ಷ ಹಾಡಿ ಹಾಡಿ ಸಾಕಾಗಿರತ್ತೆ. ನಮ್ಮನೇಲಿ ಸುಮ್ನೆ ಇರ್ಲಿ."

ಅದನ್ನು ಜಪಾನಿಯಲ್ಲಿ ಹೇಳಿದೆ. ತಾತಾ-ಸಾನ್ ಎರಡೂ ಕೈಯಿಂದ ರೆಕಾರ್ಡ್ ಕೊಟ್ಟರು. ಕಣ್ಣು ತುಂಬಿತ್ತು. ಎದೆ ಮುಟ್ಟಿಕೊಂಡು "ಸೋರು" ಅಂದರು.

ಅತ್ತೆ ಅವರ ಮುಖ ನೋಡಿ ಕರವಸ್ತ್ರ ಚಾಚಿದರು. "ಹೌದಪ್ಪ, ಸೋರ್ತಿದೆ. ಒರೆಸ್ಕೋ."

ಒಟ್ಟು ಗಳಿಕೆ: ಮಾರಾಟವಾದ ರೆಕಾರ್ಡು ಒಂದು. ಕಪಾಟು ಈಗಲೂ ತಾತಾ-ಸಾನ್‌ದೇ. ಹಪ್ಪಳ ನೆಲದ ಮೇಲಿದೆ.