ಎರಡು ಟಕ್‌ಗಾಗಿ ಒಂದು ತಪಸ್ಸು

"ಈ ಸಲ ಮಾವನವರಿಂದ ಎರಡು ಟಕ್ ಹೊಡೆಸದಿದ್ದರೆ ನಾನು ಬ್ರಷ್ ಹಿಡಿಯೋದೇ ಬಿಡ್ತೀನಿ!" ಎಂದು ಪೇಂಟರ್ ಘೋಷಿಸಿದಾಗ ಹೆಂಡತಿಯ ಮೈ ಜುಮ್ಮೆಂದಿತು. ಮಾವ ತೀರಿಕೊಂಡು ವರ್ಷವಾಗಿತ್ತು!

ಹಣ್ಣು ನೆನೆಸಿದ ಸಿಹಿ ಮದ್ಯ, ಲಿಕ್ಯೂರ್ ಎಂದರೆ ಮಾವನವರಿಗೆ ಪ್ರಾಣ. ಪುಟ್ಟ ಲೋಟದಲ್ಲಿ ತಣ್ಣಗೆ, ಕೇಕಿನ ಮೇಲೆ ನಾಲ್ಕು ಹನಿ, ನೆನೆದ ಹಣ್ಣು ಐಸ್‌ಕ್ರೀಮಿನ ಜೊತೆ... ಅವರ ಭೋಗ ಒಂದೇ ಎರಡೇ! ಬೇರೆಯವರು ಮಾಡಿದ್ದನ್ನು ಗುಟುಕರಿಸಿ, ಕುರ್ಚಿಯ ಕೈಗೆ ಬೆರಳಿನಿಂದ ಕುಟ್ಟುತ್ತಿದ್ದರು. ಎರಡು ಟಕ್ ಎಂದರೆ ಭೇಷ್, ಒಂದೇ ಎಂದರೆ ಚೆಲ್ಲು. ಅಳಿಯನಿಗೆ ಕೊನೆಯವರೆಗೂ ಒಂದೇ! ಆ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಮಾವನವರದೇ ಮೂರು ಬಾಟಲಿಗಳಿಗೆ ಪ್ಲಮ್ ಹಣ್ಣು, ಸಕ್ಕರೆ, ವೋಡ್ಕಾ ಬಿದ್ದವು.

"ರೀ, ನೀರು ಯಾಕೆ ಸುರೀತಿದ್ದೀರಿ?"

"ತೆಳು ಮಾಡದೆ ಬಳಿಯೋಕಾಗುತ್ತೇನೇ?"

"ಇದು ಗೋಡೆಗಲ್ಲ, ಗಂಟಲಿಗೆ!"

ಕಸುಬಿನ ಕೈ ಕೇಳಬೇಕಲ್ಲ! ಬಾಟಲಿಗಳು ಮಾವನವರ ಮುಚ್ಚಿದ ಕೋಣೆಯ ಬೀರು ಸೇರಿದವು.

ಒಂದು ಮಧ್ಯಾಹ್ನ ಆ ಕೋಣೆಯಿಂದ ಕೇಳಿಸಿತು. ಟಕ್.

ಬೀರು ತೆಗೆದರೆ ಒಂದು ಬಾಟಲಿಯ ಬಿರಡೆ ಪಕ್ಕದಲ್ಲಿ ಬಿದ್ದಿತ್ತು. ರಸವೂ ಕೊಂಚ ಇಳಿದಿತ್ತು. ಪಕ್ಕದಲ್ಲಿದ್ದ ಮಾವನವರ ಕುರ್ಚಿಯ ದಿಂಬು, ಯಾರೋ ಈಗಷ್ಟೇ ಎದ್ದುಹೋದಂತೆ ತಗ್ಗಾಗಿತ್ತು.

"ರುಚಿ ನೋಡಿದ್ದಾರೆ ಕಣೇ!" ಅವನು ಬಿರಡೆ ಎತ್ತಿ ತೋರಿಸಿದ. "ಒಂದೇ ಟಕ್!"

ಹೆಂಡತಿ ಅವನ ತೋಳು ಬಿಗಿಯಾಗಿ ಹಿಡಿದಳು. ಹೆದರಿಕೆಗಿಂತ ಅವಮಾನವೇ ಅವನಿಗೆ ಹೆಚ್ಚಾಗಿತ್ತು. ಮೂರಕ್ಕೂ ಇನ್ನಷ್ಟು ಸಕ್ಕರೆ, ಇನ್ನಷ್ಟು ನೀರು ಸುರಿದು, ಬಿರಡೆಗಳನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ.

ಭಾನುವಾರ ಭಾವಮೈದ ಊಟಕ್ಕೆ ಬಂದ. ಕೈಯಲ್ಲಿ ಖಾಲಿ ಲೋಟ ಹಿಡಿದು ಎಲ್ಲರೂ ಕಾಯುತ್ತಿದ್ದಾಗ ಒಳಗಿನಿಂದ ಬಂತು. ಟಕ್.

ಎಲ್ಲರೂ ಕೋಣೆಯ ಕಡೆ ತಿರುಗಿದರು.

ಟಕ್.

"ಎರಡು! ಮಾವ ಒಪ್ಪಿಬಿಟ್ರು!" ಪೇಂಟರ್ ಓಡಿಹೋಗಿ ಬೀರು ತೆರೆದ.

ಢಂ!

ಮೂರನೆಯ ಬಿರಡೆ ನೇರ ಹಣೆಗೆ! ಕೆಂಪು ನೊರೆ ತಲೆಯಿಂದ ಕಾಲಿನವರೆಗೆ ಇಳಿಯುತ್ತಿರಲು, ಮಹಾಶಯ ನೆಲದ ಮೇಲೆ ಕುಕ್ಕರಿಸಿದ. ಭಾವಮೈದ ಗೋಡೆಗೆ ಸಿಡಿದ ರಸವನ್ನು ಬೆರಳಲ್ಲಿ ತೆಗೆದು ನೆಕ್ಕಿ ಮುಖ ಹಿಂಡಿದ.

"ಭಾವ, ನೀರು ಜಾಸ್ತಿಯಾಗಿ ಹುಳಿ ಬಂದು ಉಬ್ಬಿದೆ. ಬಿರಡೆ ಹಾರಿದ ಸದ್ದು ಅದು. ಅಪ್ಪನೂ ಇಲ್ಲ, ಗಿಪ್ಪನೂ ಇಲ್ಲ!"

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಪೇಂಟರೂ ನಕ್ಕ. ಸದ್ಯ, ಜೀವ ಬಂತು! ಬಾಟಲಿ ಮೂರೂ ಉಕ್ಕಿ ಖಾಲಿಯಾಗಿದ್ದವು, ಹಾರಲು ಬಿರಡೆಯೂ ಉಳಿದಿರಲಿಲ್ಲ.

ಆಗ ಬೆನ್ನ ಹಿಂದೆ, ಖಾಲಿ ಕುರ್ಚಿಯ ಕೈಯ ಮೇಲೆ...

ಟಕ್.

ನಗು ನಿಂತಿತು. ಎರಡನೆಯದಕ್ಕಾಗಿ ಅವನು ಕಿವಿಯೆಲ್ಲ ತೆರೆದು ಕಾದ. ಬರಲಿಲ್ಲ.

ಹೆಂಡತಿ ಒರೆಸುವ ಬಟ್ಟೆಯನ್ನು ಅವನ ಮಡಿಲಿಗೆ ಎಸೆದಳು. "ಅಪ್ಪ ಹೇಳಿಯಾಯ್ತಲ್ಲ. ಒರೆಸಿ!"