ಸೋರೆಕಾಯಿ ಪಾಠ

ಎಲ್ಲಕ್ಕೂ ಕಾರಣ ಟೈಲರ್ ಕಾಂಪೌಂಡ್ ಮೇಲಿಂದ ಕೂಗಿ ಹೇಳಿದ ಒಂದು ಮಾತು. "ನನ್ನ ಮಗಳಿಗೆ ಸ್ಕೂಲೂ ಬೇಡ, ನೋಟ್‌ಬುಕ್ಕೂ ಬೇಡ ಮೇಡಂ. ನಮ್ಮ ತೋಟಾನೇ ಪುಸ್ತಕ!"

ಆಚೆ ಬಟ್ಟೆ ಒಣಹಾಕುತ್ತಿದ್ದ ನಿವೃತ್ತ ಹೆಡ್‌ಮೇಡಂ "ಆಗ್ಲಿ, ನೋಡೋಣ" ಎಂದಷ್ಟೇ ಅಂದರು. ಆ 'ನೋಡೋಣ' ಟೈಲರ್‌ಗೆ ಗುಂಡುಪಿನ್ನಿನ ಹಾಗೆ ಚುಚ್ಚಿತು.

ಅಂದಿನಿಂದ ಮಗಳು ತೋಟದಲ್ಲಿ ಕೂತು ಕಲಿತಳು. ಅಪ್ಪ ಕಿಟಕಿಯೊಳಗೆ ಮಿಷನ್ ತುಳಿಯುತ್ತಾ ಪಾಠ ಕೂಗಿದ. ಬೇಸಿಗೆ ಮುಗಿಯುವಷ್ಟರಲ್ಲಿ ಮಗಳೂ ಬೆಳೆದಳು, ಸೋರೆಬಳ್ಳಿಯೂ ಬೆಳೆಯಿತು. ಬಳ್ಳಿ ಸ್ವಲ್ಪ ಹೆಚ್ಚೇ ಬೆಳೆಯಿತು. ಮಂಚದಡಿ ಸೋರೆಕಾಯಿ, ಕುರ್ಚಿ ಮೇಲೆ ಸೋರೆಕಾಯಿ, ಬಚ್ಚಲಲ್ಲಿ ಬಕೆಟ್ಟಿಗೂ ಜಾಗವಿಲ್ಲ.

ಒಂದು ದಿನ ಸಂಜೆ ನಾಲ್ಕಕ್ಕೆ ಶಿಕ್ಷಣ ಇಲಾಖೆಯ ಅಧಿಕಾರಿ ಬರುವವರಿದ್ದರು. ಹುಡುಗಿ ಕಲಿತದ್ದನ್ನು ಕಣ್ಣಾರೆ ತೋರಿಸದಿದ್ದರೆ ಸೋಮವಾರದಿಂದ ಅವಳು ಸ್ಕೂಲಿಗೆ.

"ಅವರನ್ನ ಕೂರಿಸೋಕೆ ಮನೇಲಿ ಒಂದು ಕುರ್ಚಿ ಇಲ್ಲ. ನಾವು ಬರೋಷ್ಟರಲ್ಲಿ ಒಂದೇ ಒಂದು ಸೋರೆಕಾಯಿ ನನ್ನ ಕಣ್ಣಿಗೆ ಬೀಳಬಾರದು," ಎಂದು ಹೇಳಿ ಹೆಂಡತಿ ಮಗಳನ್ನು ಕೂದಲು ಕತ್ತರಿಸಲು ಕರೆದುಕೊಂಡು ಹೋದಳು.

ಟೈಲರ್ ಚೀಲ ತುಂಬಿಕೊಂಡು ಹೊರಟ. ಎದುರುಮನೆಯ ಕಾಂಪೌಂಡರ್ ಅರ್ಧ ಬಾಗಿಲು ತೆರೆದು, "ಬೇಡಪ್ಪಾ, ಡಾಕ್ಟರು ಸೋರೆಕಾಯಿ ತಿನ್ನಬೇಡ ಅಂದಿದಾರೆ," ಎಂದ.

"ಯಾವ ಡಾಕ್ಟರು?"

"ಯಾರನ್ನಾದ್ರೂ ಕೇಳಿ ಹೇಳ್ತೀನಿ."

ಅದರಾಚೆ ಮನೆಯ ಬಸ್ ಡ್ರೈವರ್ ಒಂದು ಕಣ್ಣು ತೆರೆದುಕೊಂಡೇ ಗೊರಕೆ ಹೊಡೆದ. ಟೈಲರ್‌ಗೆ ರೇಗಿತು. ಬೆವರು ಸುರಿಸಿ ಬೆಳೆದದ್ದನ್ನು ಬಿಟ್ಟಿ ಕೊಟ್ಟರೂ ಇಷ್ಟು ಬಿಗುಮಾನವೇ! ಮನೆಮನೆಯ ಮೆಟ್ಟಿಲ ಮೇಲೂ ಕಾಯಿ ಇಟ್ಟು, ಬೆಲ್ ಒತ್ತಿ, ಕಾಲಿಗೆ ಬುದ್ಧಿ ಹೇಳಿದ. ಕೊನೆಯದನ್ನು ಹೆಡ್‌ಮೇಡಂ ಗೇಟಿನ ಬಳಿಯಿಟ್ಟ.

ಮೂರೂವರೆಗೆ ಮನೆ ಕನ್ನಡಿಯಂತಿತ್ತು. ಮಗಳು ಬಂದವಳೇ ಸುತ್ತ ನೋಡಿದಳು.

"ಅಪ್ಪಾ, ನನ್ನ ಪಾಠ ಎಲ್ಲಿ?"

"ಯಾವ ಪಾಠ?"

"ಸೋರೆಕಾಯಿ ಎಳೇದಿದ್ದಾಗ ಕಡ್ಡೀಲಿ ಅದರ ಮೇಲೆ ಬರೀತಿದ್ದೆ. ಕಾಯಿ ದಪ್ಪ ಆದ ಹಾಗೆ ಅಕ್ಷರಾನೂ ದಪ್ಪ ಆಯ್ತು. ಲೆಕ್ಕ, ಮಗ್ಗಿ, ಪದ್ಯ, ಎಲ್ಲಾ ಅದರ ಮೇಲೇ ಇತ್ತು. ತೋಟಾನೇ ಪುಸ್ತಕ ಅಂದಿದ್ಯಲ್ಲಪ್ಪಾ?"

ಟೈಲರ್ ಖಾಲಿ ಚೀಲದ ಕಡೆ ನೋಡಿದ. ಸೂಜಿಗೆ ದಾರ ಪೋಣಿಸುವಾಗ ಬಿಟ್ಟರೆ ಅವನು ಕನ್ನಡಕ ಹಾಕುತ್ತಿರಲಿಲ್ಲ. ಆ ಗೀಚುಗಳನ್ನು ಹುಳುವಿನ ಕಾಟವೆಂದೇ ತಿಳಿದಿದ್ದ.

ಚೀಲ ಹಿಡಿದು ಮತ್ತೆ ಬೀದಿಗೆ ಓಡಿದ.

"ಬೇಡ ಅಂದ್ರೂ ಕೊಟ್ರಿ, ಈಗ ವಾಪಸ್ಸಾ?" ಕಾಂಪೌಂಡರ್ ಸಿಡುಕಿದ. "ಪಲ್ಯಕ್ಕೆ ಅರ್ಧ ಹೆಚ್ಚಿ ಆಯ್ತು."

"ಉಳಿದರ್ಧ ಕೊಡಿ ಮಾರಾಯ್ರೆ! ಅದರಲ್ಲಿ ಕಳೆಯೋ ಲೆಕ್ಕ ಇದೆ!"

ಡ್ರೈವರ್ ಮನೆಯಲ್ಲಿ ಸಿಪ್ಪೆ ಮಾತ್ರ ಸಿಕ್ಕಿತು. ಅದರಲ್ಲಿ ಅರ್ಧ ಪದ್ಯವಿತ್ತು. ತಟ್ಟೆ ಸಮೇತ ತಂದ.

ನಾಲ್ಕಕ್ಕೆ ಅಧಿಕಾರಿ ಬಂದು, ನೆಲದ ಮೇಲೆ ಸಾಲಾಗಿ ಮಲಗಿದ್ದ ಕಾಯಿಗಳನ್ನು ಒಂದೊಂದಾಗಿ ಹೊರಳಿಸಿ ಓದಿದರು. ಅಷ್ಟರಲ್ಲಿ ಹೆಡ್‌ಮೇಡಂ ಕಂಕುಳಲ್ಲೊಂದು ಸೋರೆಕಾಯಿ ಇಟ್ಟುಕೊಂಡು ಒಳಬಂದರು. "ಇದೊಂದು ನಮ್ಮಲ್ಲಿ ಬಿಟ್ಟುಹೋಗಿತ್ತು." ಅದರ ಮೇಲಿದ್ದ 'ಏಳೆಂಟ್ಲ ಐವತ್ನಾಲ್ಕು' ಎಂಬುದಕ್ಕೆ ಕೆಂಪು ಶಾಯಿಯ ಗೀಟು ಬಿದ್ದಿತ್ತು.

ಟೈಲರ್ ತಡೆಯಲಾರದೆ ಎದ್ದು ನಿಂತ. "ಏನು ಬೇಕಾದ್ರೂ ಬರ್ಕೊಳ್ಳಿ ಸಾರ್. ನನ್ನ ಮಗಳನ್ನ ಮಾತ್ರ ಸ್ಕೂಲಿಗೆ ಕಳ್ಸಲ್ಲ!"

"ಕಳ್ಸಬೇಡಿ," ಎಂದರು ಅಧಿಕಾರಿ. "ಹುಡುಗಿ ಚೆನ್ನಾಗಿ ಕಲಿತಿದಾಳೆ."

ಟೈಲರ್ ಕುಸ್ತಿ ಗೆದ್ದವನಂತೆ ಹೆಡ್‌ಮೇಡಂ ಕಡೆ ನೋಡಿದ.

"ಇದೊಂದು ಹೇಗೆ ತಪ್ಪಾಯ್ತಮ್ಮ?" ಅಧಿಕಾರಿ ಹುಡುಗಿಯನ್ನು ಕೇಳಿದರು.

"ಅಪ್ಪ ಹಾಗೇ ಹೇಳ್ಕೊಟ್ಟಿದ್ದು ಸಾರ್."

ಅಧಿಕಾರಿ ತಿರುಗಿದರು. "ಏಳೆಂಟ್ಲ ಎಷ್ಟ್ರೀ?"

"ಐವತ್ನಾಲ್ಕು!" ಟೈಲರ್ ಎದೆಯುಬ್ಬಿಸಿದ. "ಯಾರ ಮುಂದೆ ಬೇಕಾದ್ರೂ ಹೇಳ್ತೀನಿ!"

ಬೀದಿಯವರ ಅಂಗಿಗಳೆಲ್ಲ ಯಾಕೆ ಎರಡಿಂಚು ಬಿಗಿಯೆಂದು ಬಾಗಿಲಲ್ಲಿ ಇಣುಕುತ್ತಿದ್ದ ಕಾಂಪೌಂಡರ್‌ಗೆ ಆಗ ಅರ್ಥವಾಯಿತು.

ಅಧಿಕಾರಿ ಬರೆದು, ಸಹಿ ಹಾಕಿ, ಗಟ್ಟಿಯಾಗಿ ಓದಿದರು: "ಮಗಳು ಮನೆಯಲ್ಲೇ ಕಲಿಯಬಹುದು. ಕಲಿಸುವವರು ಮಾತ್ರ ದಿನಾ ಬೆಳಿಗ್ಗೆ ಹತ್ತಕ್ಕೆ ಪಕ್ಕದ ಮನೆಯ ಮೇಡಂ ಬಳಿ ಹೋಗಿ ಮಗ್ಗಿ ಒಪ್ಪಿಸತಕ್ಕದ್ದು."

"ನಾನು ಸತ್ರೂ ಹೋಗಲ್ಲ!"

"ಆಗ್ಲಿ, ನೋಡೋಣ," ಎಂದು ಹೆಡ್‌ಮೇಡಂ ಚಪ್ಪಲಿ ಮೆಟ್ಟಿದರು. "ಬರುವಾಗ ನೋಟ್‌ಬುಕ್ ತನ್ನಿ. ಸೋರೆಕಾಯಿ ತಂದ್ರೆ ಬೆಂಚ್ ಮೇಲೆ ನಿಲ್ಲಿಸ್ತೀನಿ."