ಟಿಕೆಟ್ ಕಿಟಕಿಯ ಎದುರು ಸೇರತಕ್ಕದ್ದು

ನನಗೆ ಬರೆಯಲು ಬರುತ್ತದೆ ಎಂಬ ವಿಷಯದಲ್ಲಿ ನನಗೆ ಎಂದೂ ಸಂಶಯ ಹುಟ್ಟಿದ್ದಿಲ್ಲ. ವಿಕ್ರೋಳಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕೂತು ಪತ್ರ ಬರೆದವನು ನಾನು. ನನ್ನ ಪತ್ರಗಳಿಗೆ ಬೇಗ ಉತ್ತರ ಬರುತ್ತಿರಲಿಲ್ಲ, ನಿಜ. ಘನವಾದ ಬರವಣಿಗೆಯನ್ನು ಓದಿ ಅರಗಿಸಿಕೊಳ್ಳಲು ಜನಕ್ಕೆ ಹೊತ್ತು ಬೇಡವೇ ಎಂದುಕೊಂಡಿದ್ದೆ.

ಹಾಗಾಗಿ, ನಿವೃತ್ತನಾದ ಮರುವರ್ಷ ಪವಾಯಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಿಂದ ಫೋನ್ ಬಂದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಮಾತಾಡಿದವರು ಅಲ್ಲಿಯ ವಿಭಾಗದ ಮುಖ್ಯಸ್ಥರಾದ ದೇಶಪಾಂಡೆ, ನಮ್ಮ ಧಾರವಾಡದವರೇ.

"ಹಿರೇಮಠರ, ನಮ್ಮ ಹುಡುಗರಿಗೆ ಗಣಿತ ಬರ್ತದ, ಮಷೀನು ಬರ್ತದ, ಆದ್ರ ನಾಕು ಸಾಲು ನೆಟ್ಟಗ ಬರೀಲಿಕ್ಕೆ ಬರೂದಿಲ್ಲ ನೋಡ್ರಿ. ಒಂದು ಟರ್ಮ್ ಕಮ್ಯುನಿಕೇಶನ್ ಕಲಸ್ರಿ. ಹೆಂಗ ಆಗ್ತದ ನೋಡಿ ಮುಂದಿಂದು ಮಾತಾಡೋಣು."

ಘಾಟ್ಕೋಪರಿನ ನಮ್ಮ ಮನೆಯ ಹಾಲಿನಲ್ಲಿ ಮೆಂತೆಸೊಪ್ಪು ಸೋಸುತ್ತಿದ್ದ ನನ್ನ ಹೆಂಡತಿ ಸುಮಂಗಲಾ, "ಯಾರದ್ರೀ ಫೋನು?" ಎಂದಳು. ನಾನು ವಿವರಿಸಿದೆ. ದೇಶದ ತಾಂತ್ರಿಕ ಶಿಕ್ಷಣದ ಸ್ಥಿತಿಗತಿಯಿಂದ ಆರಂಭಿಸಿದ್ದರಿಂದ ಸ್ವಲ್ಪ ಹೊತ್ತು ಹಿಡಿಯಿತು. ಸೊಪ್ಪು ಮುಗಿಯಿತು.

"ಅಂದ್ರ, ಕಾಲೇಜಿನ್ಯಾಗ ಕಲಸಾಕ ಕರದಾರ. ಅಷ್ಟ ಹೌದಿಲ್ಲೋ?"

"ಅಷ್ಟ."

"ಮತ್ತ ಅಷ್ಟ ಹೇಳಬೇಕಿತ್ತಲ್ಲ!"

ನನ್ನ ಮೊದಲ ಪಾಠದ ವಿಷಯ 'ಸಂಕ್ಷಿಪ್ತತೆ'. ಗಂಟೆ ಹೊಡೆದರೂ ಪಾಠ ಮುಗಿಯಲಿಲ್ಲ. ಮುಂದಿನ ತಾಸಿನ ಮೇಷ್ಟ್ರು ಬಾಗಿಲಲ್ಲಿ ನಿಂತರು, ನಿಂತು ಸಾಕಾಗಿ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು, ಆಮೇಲೆ ತೂಕಡಿಸಿದರು. ನಲವತ್ತೆರಡು ವಿದ್ಯಾರ್ಥಿಗಳು ನನ್ನನ್ನೇ ನೋಡುತ್ತಿದ್ದರು. ಗೌರವದಿಂದ ಎಂದುಕೊಂಡೆ.

ರಜೆಚೀಟಿ ಬರೆಯುವುದು ಅವರಿಗೆ ನಾನು ಕೊಟ್ಟ ಮೊದಲ ಅಭ್ಯಾಸ. ಅದರಲ್ಲಿ ಒಂದು ಚೀಟಿ ನೋಡಿ ನನಗೆ ಆಘಾತವಾಯಿತು. "ಜ್ವರ ಬಂದಿದೆ. ಎರಡು ದಿನ ಬರುವುದಿಲ್ಲ. ಗುರುವಾರ ಬರುತ್ತೇನೆ." ಮುಗಿಯಿತು! ವಿನಯವಿಲ್ಲ, ಪೀಠಿಕೆಯಿಲ್ಲ, ಉಪಸಂಹಾರವಿಲ್ಲ. ಹತ್ತಕ್ಕೆ ಮೂರು ಕೊಟ್ಟೆ. ಬರೆದವಳು ಭಾಗ್ಯಶ್ರೀ ಎಂಬ ಹುಡುಗಿ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಪಾಠ ಮುಗಿದ ಮೇಲೆ ಬಂದು, "ಸರ್, ನೌಕರಿ ಇಂಟರ್ವ್ಯೂದಲ್ಲಿ ಏನು ಮಾತಾಡಬೇಕು? ನನಗೆ ಇಂಗ್ಲಿಷಿನಲ್ಲಿ ಉದ್ದ ಮಾತು ಬರೋದಿಲ್ಲ" ಎಂದು ಹಿಂದಿಯಲ್ಲಿ ಕೇಳಿದಳು. ಅವಳಿಗೆ ನಾನೊಂದು ಸ್ವಪರಿಚಯ ಬರೆದುಕೊಟ್ಟೆ. ಒಂದೇ ವಾಕ್ಯ. ಹನ್ನೊಂದು ಸಾಲು. ಬಾಯಿಪಾಠ ಮಾಡಲು ಹೇಳಿದೆ. ಪಾಪ, ಮಾಡುತ್ತಿದ್ದಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ನಾನು ಹುಡುಗರನ್ನು ನನ್ನ ಹಳೆಯ ಕಾರ್ಖಾನೆಗೆ ಕರೆದುಕೊಂಡು ಹೋಗಿ, ನೋಡಿದ್ದರ ಬಗ್ಗೆ ವರದಿ ಬರೆಸಬೇಕೆಂದು ಹೊರಟೆ. ವರದಿಗೆ ಇಪ್ಪತ್ತು ಅಂಕ. ಕಾರ್ಖಾನೆಗೊಂದು ಪತ್ರ, ವಿದ್ಯಾರ್ಥಿಗಳಿಗೊಂದು ನೋಟೀಸು, ಎರಡನ್ನೂ ನಾನೇ ಕೂತು ಬರೆದೆ.

ಎರಡು ಪುಟದ ಆ ನೋಟೀಸನ್ನು ಸುಮಂಗಲಾ ಕನ್ನಡಕ ಹಾಕಿಕೊಂಡು ಓದಿದಳು.

"ಎಲ್ಲಿ ಬರಬೇಕಂತ ಎಲ್ಲಿ ಬರದೀರಿ?"

"ಎರಡನೇ ಪುಟದಾಗ ಐತಿ ನೋಡು. ಒಮ್ಮಿಗ್ಲೇ ಹೇಳಿದ್ರ ಒರಟ ಅನಸ್ತೈತಿ."

ಅವಳು ಕನ್ನಡಕ ತೆಗೆದಿಟ್ಟು ಒಳಗೆ ಹೋದಳು. ಹೆಂಗಸರಿಗೆ ಆಫೀಸಿನ ಭಾಷೆ ತಿಳಿಯದು ಎಂದು ನಾನು ನಕ್ಕೆ.

ಎರಡನೇ ಪುಟದಲ್ಲಿದ್ದದ್ದು ಇಷ್ಟು: ಎಲ್ಲರೂ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ವಿಕ್ರೋಳಿ ಸ್ಟೇಷನ್ನಿನ ಹೊರಗೆ, ಟಿಕೆಟ್ ಕಿಟಕಿಯ ಎದುರು, ಸೂಕ್ತ ಪಾದರಕ್ಷೆ ಧರಿಸಿ ಸೇರತಕ್ಕದ್ದು.

ಶುಕ್ರವಾರ ನಾನು ಹತ್ತು ನಿಮಿಷ ಮೊದಲೇ ಹೋಗಿ ನಿಂತೆ. ಒಂಬತ್ತಾಯಿತು. ನನ್ನೆದುರು ಹದಿನೈದು ಜನ. ಉಳಿದವರು? ತರಗತಿಯ ಮುಂದಾಳು ರೋಹನ್‌ಗೆ ಫೋನ್ ಮಾಡಿದೆ.

"ಎಲ್ಲಿದ್ದೀಯಪ್ಪಾ?"

"ಸ್ಟೇಷನ್ ಹೊರಗೆ, ಸರ್."

"ನಾನೂ ಹೊರಗೇ ಇದ್ದೇನೆ!"

"ಸರ್, ನಾವು ಟಿಕೆಟ್ ಕಿಟಕಿ ಎದುರಿಗಿದ್ದೇವೆ. ಪಕ್ಕದಲ್ಲಿ ವಡಾಪಾವ್ ಗಾಡಿ ಇದೆ."

ತಿರುಗಿ ನೋಡಿದೆ. ನನ್ನ ಪಕ್ಕದಲ್ಲೂ ವಡಾಪಾವ್ ಗಾಡಿ ಇತ್ತು. ಆಗ ತಲೆಗೆ ಹೊಳೆಯಿತು. ಮುಂಬಯಿಯಲ್ಲಿ ಸ್ಟೇಷನ್ ಎಂದರೆ ಹಳಿಗಳ ಎರಡೂ ಬದಿಗೆ ಬಾಗಿಲು, ಈಸ್ಟ್ ಒಂದು, ವೆಸ್ಟ್ ಒಂದು ಎಂಬುದು ಹುಟ್ಟಿದ ಕೂಸಿಗೂ ಗೊತ್ತು. ನಾನು ಮೂವತ್ತೊಂದು ವರ್ಷ ಈಸ್ಟಿನಲ್ಲೇ ಇಳಿದು ಈಸ್ಟಿನಲ್ಲೇ ಹತ್ತಿದವನು. ನನ್ನ ಮಟ್ಟಿಗೆ ವಿಕ್ರೋಳಿಗೆ ಒಂದೇ ಬದಿ!

"ಅಲ್ಲೇ ಇರಿ, ನಾನೇ ಬಂದೆ" ಎಂದೆ. ರೈಲಿನ ಸದ್ದಿನಲ್ಲಿ ರೋಹನ್‌ಗೆ ಕೇಳಿಸಿದ್ದು "ಇಲ್ಲಿಗೇ ಬನ್ನಿ" ಎಂದಂತೆ. ನಾನು ಹದಿನೈದು ಜನರನ್ನು ಕಟ್ಟಿಕೊಂಡು ಒಂದು ಬ್ರಿಜ್ ಹತ್ತಿದೆ. ಅವನು ಇಪ್ಪತ್ತಾರು ಜನರನ್ನು ಕಟ್ಟಿಕೊಂಡು ಇನ್ನೊಂದು ಬ್ರಿಜ್ ಹತ್ತಿದ. ಹತ್ತು ನಿಮಿಷದ ಮೇಲೆ ನಾವು ವೆಸ್ಟಿನಲ್ಲಿ, ಅವರು ಈಸ್ಟಿನಲ್ಲಿ! ಮತ್ತೆ ಫೋನ್ ಮಾಡಿದೆ, ಮತ್ತೆ ಎಲ್ಲರೂ ಹತ್ತಿದೆವು. ಮಂಡಿ ನೋಯುತ್ತಿತ್ತು. ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ಮೂರನೆಯ ಸಲ ಬ್ರಿಜ್ ಹತ್ತಬೇಕೆನ್ನುವಾಗ ನನ್ನ ಫೋನ್ ಮೊಳಗಿತು.

"ಸರ್, ಭಾಗ್ಯಶ್ರೀ ಮಾತಾಡೋದು. ನೀವು ಈಗ ಎಲ್ಲಿ ಅದೀರಿ?"

ಕನ್ನಡ! ಅವಳಪ್ಪ ವಿಜಯಪುರದಿಂದ ಬಂದ, ಗೋಡೆ ಕಟ್ಟುವ ಗೌಂಡಿ, ಮನೆ ಅಲ್ಲೇ ವಿಕ್ರೋಳಿಯ ಚಾಳಿನಲ್ಲಿ ಎಂದು ಆಮೇಲೆ ತಿಳಿಯಿತು. ಮುಂಬಯಿಯಲ್ಲೇ ಬೆಳೆದವಳು, ಮಾತು ತಡೆದು ತಡೆದು ಬರುತ್ತಿತ್ತು, ನಡುವೆ ಹಿಂದಿ ನುಸುಳುತ್ತಿತ್ತು.

"ಈಸ್ಟಿನ್ಯಾಗ ಅದೀನವ್ವಾ."

"ಹಾಂ, ಸರ್. ಅಲ್ಲೇ ನಿಂದರ್ರಿ. ಹಿಲ್... ಅದು... ಅಳ್ಳಾಡಬ್ಯಾಡ್ರಿ."

ಅರ್ಧ ನಿಮಿಷದಲ್ಲಿ ತರಗತಿಯ ವಾಟ್ಸಾಪ್ ಗುಂಪಿಗೆ ಅವಳ ಸಂದೇಶ ಬಂತು. "ವಿಕ್ರೋಳಿ ಈಸ್ಟ್. ಟಿಕೆಟ್ ಕಿಟಕಿ. ಎಲ್ಲರೂ ಈಗಲೇ ಬನ್ನಿ. ಬಂದವರು ಕದಲಬೇಡಿ. ಸರ್ ಕೂಡ."

ಐದು ನಿಮಿಷದಲ್ಲಿ ನಲವತ್ತೆರಡೂ ಜನ ಹಾಜರು!

ಕಾರ್ಖಾನೆಯ ಗೇಟಿಗೆ ಓಡಿದೆವು. ಅಲ್ಲಿದ್ದ ಸೆಕ್ಯುರಿಟಿ ಅಧಿಕಾರಿ ಸಾವಂತ್ ನನ್ನ ಹಳೆಯ ಪರಿಚಯದವರು. ಕೈಕುಲುಕಿದರು, ಆರೋಗ್ಯ ವಿಚಾರಿಸಿದರು. ಆಮೇಲೆ ಹಿಂದಿಯಲ್ಲಿ, "ಇಷ್ಟು ಜನರನ್ನು ಕಟ್ಟಿಕೊಂಡು ಎಲ್ಲಿಗೆ ಹೊರಟಿರಿ?" ಎಂದರು.

"ನಿಮ್ಮಲ್ಲಿಗೇ! ಪತ್ರ ಬರೆದಿದ್ದೆನಲ್ಲ?"

"ಬಂತು. ಮೂರು ಪುಟ. ತುಂಬ ಚೆನ್ನಾಗಿತ್ತು. ನೀವು ಬರುತ್ತೀರೆಂದು ಅದರಲ್ಲಿ ಎಲ್ಲಿದೆ?"

ಪತ್ರ ತರಿಸಿದರು. ಗೇಟಿನಲ್ಲೇ ನಿಂತು ಓದಿದೆ. ವಿದ್ಯಾರ್ಥಿಗಳು ಕಾರ್ಖಾನೆ ನೋಡುವುದರಿಂದಾಗುವ ಲಾಭ ಇತ್ತು. ತಮ್ಮಂಥ ಹಿರಿಯರು ದೊಡ್ಡ ಮನಸ್ಸು ಮಾಡಿದಲ್ಲಿ ಎಂಬುದೂ ಇತ್ತು. ವಿದ್ಯಾರ್ಥಿಗಳ ಪಟ್ಟಿ ಲಗತ್ತಾಗಿತ್ತು. ತಾರೀಖು ಮಾತ್ರ ಇರಲಿಲ್ಲ!

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಸಂದರ್ಭದ ಹಿನ್ನೆಲೆಯಿಂದ ಆರಂಭಿಸಿದೆ. ಸಾವಂತ್ ಕೈಗಡಿಯಾರ ನೋಡತೊಡಗಿದರು. ಹಿಂದೆ ನಿಂತ ಹುಡುಗರ ಮುಖ ಇಳಿಯಿತು, ಇಪ್ಪತ್ತು ಅಂಕ ಕಣ್ಣೆದುರೇ ಜಾರಿಹೋಗುತ್ತಿತ್ತು. ಆಗ ಭಾಗ್ಯಶ್ರೀ ಮುಂದೆ ಬಂದು ಮರಾಠಿಯಲ್ಲಿ ಎರಡು ಮಾತು ಹೇಳಿದಳು. "ಸಾಹೇಬರೇ, ತಪ್ಪಾಗಿದೆ. ಒಂದು ತಾಸು ಒಳಗೆ ಬಿಟ್ಟರೆ ನಮ್ಮ ಪರೀಕ್ಷೆಯ ಅಂಕ ಉಳಿಯುತ್ತವೆ."

ಸಾವಂತ್ ಒಳಗೆ ಫೋನ್ ಮಾಡಿದರು. ಒಪ್ಪಿಗೆ ಸಿಕ್ಕಿತು. ನನಗೆ ಹೋದ ಜೀವ ಬಂದಂತಾಯಿತು.

ಗೇಟಿನಲ್ಲಿ ಪಟ್ಟಿ ನೋಡಿ ಒಬ್ಬೊಬ್ಬರನ್ನೇ ಬಿಟ್ಟರು. ರೋಹನ್‌ನನ್ನು ತಡೆದರು. ಅವನು ಹೊಸ ಕೊಲ್ಹಾಪುರಿ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದ! "ನೋಟೀಸಿನಲ್ಲಿ 'ಸೂಕ್ತ' ಅಂತಿತ್ತು ಸರ್. ವಿಶೇಷ ದಿನ ಅಂತ ಮದುವೆಗೆ ತಂದದ್ದು ಹಾಕಿಕೊಂಡೆ" ಎಂದ. ಮುಚ್ಚಿದ ಬೂಟಿಲ್ಲದೆ ಮಷೀನುಗಳ ಹತ್ತಿರ ಬಿಡುವಂತಿಲ್ಲ. ಅವನನ್ನು ಸೆಕ್ಯುರಿಟಿ ಕೋಣೆಯ ಬೆಂಚಿನ ಮೇಲೆ ಕೂರಿಸಿದರು.

ಕೊನೆಗೆ ನಾನು ಕಾಲು ಮುಂದಿಟ್ಟೆ.

"ಸಾಬ್," ಎಂದರು ಸಾವಂತ್ ಸಂಕೋಚದಿಂದ, "ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ."

ಬರೆದವನು ತನ್ನನ್ನು ಬಿಟ್ಟು ಎಲ್ಲರನ್ನೂ ಬರೆದಿದ್ದ. ನಾನೂ ಬೆಂಚಿನ ಮೇಲೆ ಕೂತೆ. ರೋಹನ್ ನನಗೆ ಅರ್ಧ ವಡಾಪಾವ್ ಕೊಟ್ಟ.

ಮುಂದಿನ ವಾರ ದೇಶಪಾಂಡೆಯವರು ಕರೆಸಿದರು. ಅವರ ಮೇಜಿನ ಮೇಲೆ ವರದಿಗಳ ಕಟ್ಟಿತ್ತು. ಮುಂದಿನ ಟರ್ಮ್ ನನ್ನನ್ನು ಕರೆಯುವುದಿಲ್ಲ ಎಂದು ಹೇಳಲು ಕರೆಸಿದ್ದಾರೆ, ಕೇಳಿಕೊಂಡು ಮರ್ಯಾದೆಯಿಂದ ಎದ್ದುಬರೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅವರು ಮೇಲಿನದನ್ನು ತೆಗೆದು ಓದಿದರು.

"ಭೇಟಿ ಒಂಬತ್ತೂವರೆಗೆ ಆರಂಭವಾಗಬೇಕಿತ್ತು. ಹತ್ತೂಕಾಲಿಗೆ ಆರಂಭವಾಯಿತು. ಕಾರಣ: ನೋಟೀಸು."

ಎರಡನೆಯದನ್ನು ತೆಗೆದರು. ಅದರಲ್ಲೂ ಅದೇ. ನಲವತ್ತೆರಡರಲ್ಲೂ ಅದೇ, ಬೆಂಚಿನ ಮೇಲೆ ಕೂತಿದ್ದ ರೋಹನ್‌ನದರಲ್ಲೂ!

"ಎಷ್ಟು ಸ್ವಚ್ಛ ಬರದಾರ ನೋಡ್ರಿ, ಹಿರೇಮಠರ! ಒಂದು ಹೆಚ್ಚಿನ ಶಬ್ದ ಇಲ್ಲ. ಹುಡುಗರು ಸುಧಾರಿಸ್ಯಾರ. ಮುಂದಿನ ಟರ್ಮೂ ನೀವೇ ಬರ್ರಿ." ನಾನು ಏಳುವಾಗ ಸೇರಿಸಿದರು, "ನೋಟೀಸು ಮಾತ್ರ ಆ ಭಾಗ್ಯಶ್ರೀಗೆ ತೋರಿಸಿ ಹಾಕ್ರಿ."

ಅವಳ ಹತ್ತಿರ ಹೋಗಿ, ಆ ಹನ್ನೊಂದು ಸಾಲನ್ನು ಮರೆತುಬಿಡು, ಇಂಟರ್ವ್ಯೂದಲ್ಲಿ ನಿನ್ನ ಹಾಗೇ ಮಾತಾಡು ಎಂದೆ. ಅವಳ ಮುಖ ನೋಡಬೇಕಿತ್ತು, ತಲೆಯ ಮೇಲಿನ ಸಿಮೆಂಟ್ ಚೀಲ ಇಳಿಸಿದಂತಿತ್ತು.

ಮೊನ್ನೆ ಮೌಖಿಕ ಪರೀಕ್ಷೆಯ ಒಂದೂವರೆ ಪುಟದ ನೋಟೀಸನ್ನು ಅವಳ ಕೈಗಿತ್ತೆ. ಮರುದಿನ ತಂದುಕೊಟ್ಟಳು. ಉದ್ದಕ್ಕೂ ಕೆಂಪು ಗೀಟು. ತಾರೀಖು, ಹೊತ್ತು, ಕೋಣೆಯ ನಂಬರು ಉಳಿದಿದ್ದವು. ಕೋಣೆಯ ನಂಬರನ್ನೂ ಅವಳೇ ತಿದ್ದಿದ್ದಳು. ನಾನು ಮುಖ ಸಪ್ಪಗೆ ಮಾಡಿಕೊಂಡಿದ್ದು ಕಂಡಿರಬೇಕು. ಸಮಾಧಾನ ಹೇಳುವವಳಂತೆ ಕೆಳಗಿನ ಸಹಿಯನ್ನು ಬೆರಳಿಟ್ಟು ತೋರಿಸಿದಳು.

"ಸರ್, ನಿಮ್ಮ ಹೆಸರ ಹಂಗೇ ಇಟ್ಟೀನ್ರಿ. ಅದ್ರಾಗ ಮಿಸ್ಟೇಕ್ ಇರಲಿಲ್ಲ."